ಬೀಗತಿಯ ಬಿಳಿ ಸಾರು

ಮೊಮ್ಮಗಳಿಗೆ ಹಾಲು ಬಂದದ್ದು ಬೀಗತಿಯ ಸಾರಿನಿಂದಲ್ಲ, ಕೂಸು ಬಿಡದೆ ಎಳೆದದ್ದರಿಂದ. ಯಾರೇನೇ ಹೇಳಲಿ, ನಾನು ಕಂಡದ್ದು ಇಷ್ಟು.

ಮೊಮ್ಮಗಳ ಗಂಡ ನೈಜೀರಿಯಾದ ಇಗ್ಬೋ ಜನದವನು. ಇಲ್ಲಿ ಓದಲು ಬಂದವನು ಇವಳನ್ನು ಮದುವೆಯಾದ. ತಾಯಿಯಿಲ್ಲದ ಹುಡುಗಿ, ಬಾಣಂತನ ಸಿಂಧನೂರಿನ ನಮ್ಮ ಮನೆಯಲ್ಲೇ. ಅವರಲ್ಲಿ ಬಾಣಂತನಕ್ಕೆ ಹುಡುಗಿಯ ತಾಯಿ ಬರಬೇಕಂತೆ, ತಾಯಿ ಇಲ್ಲದಿದ್ದರೆ ಅತ್ತೆ. ಹಾಗೆಂದು ಬೀಗತಿ ವಿಮಾನ ಹತ್ತಿ ಬಂದಿಳಿದಳು. ನಾನೇನು ಸತ್ತಿದ್ದೆನೆ?

ಮೊಮ್ಮಗಳಿಗೆ ಹಾಲು ಇಳಿದಿರಲಿಲ್ಲ. ಕೂಸು ಹಸಿದು ಅರಚುತ್ತಿತ್ತು. ನಾನು ಮೆಣಸು, ಶುಂಠಿ, ಬಳ್ಳೊಳ್ಳಿ ಹಾಕಿ ಕಲಸಿದ ಅನ್ನವನ್ನು ಅವಳು ಅರ್ಧಕ್ಕೇ ಬಿಡುತ್ತಿದ್ದಳು. ಆಗ ಬೀಗತಿ ಒಲೆ ಹಿಡಿದಳು. ಮೀನು, ಬೇಯಿಸಿ ಕುಟ್ಟಿದ ಗಡ್ಡೆ, ಮೇಲೆ ತನ್ನ ಗಂಟಿನಿಂದ ತೆಗೆದ ಒಣಗಿದ ಕರಿ ಕಾಯಿ. ಎಣ್ಣೆಯ ಹನಿಯೂ ಇಲ್ಲ. ಬಾಣಂತಿಗೆ ಗಡ್ಡೆ ನಂಜು ಎನ್ನುವುದೂ ಆಕೆಗೆ ತಿಳಿಯದು.

"ಏನಬೇ ಅದು ಕರೀದು?" ಎಂದು ಮೊಮ್ಮಗಳನ್ನು ಕೇಳಿದೆ.

"ಹೊಟ್ಟಿ ಒಳಗಿಂದೆಲ್ಲಾ ಸ್ವಚ್ಛ ಮಾಡ್ತೈತಂತ, ಅಜ್ಜಿ. ಒಫೆ ನ್ಸಾಲಾ ಅಂತಾರ ಈ ಬಿಳಿ ಸಾರಿಗೆ. ಅವರ ಊರಾಗ ಬಾಣಂತಿಗೆ ಇದನ್ನ ಕೊಡೋದು."

"ಸ್ವಚ್ಛ ಮಾಡ್ತೈತೋ, ನಿನ್ನ ತಲಿ ತಿರುವಿ ಅಲ್ಲಿಗೆ ಎಳಕೊಂಡು ಹೋಗ್ತೈತೋ! ಮದ್ದು ಹಾಕೋರು ಹೇಳಿ ಹಾಕ್ತಾರೇನು?"

"ಸಾಕು ಬಿಡು. ನಿನ್ನ ಶುಂಠಿ ಖಾರದಾಗ ಏನೈತಿ ಅಂತ ಆಕಿ ಕೇಳ್ಯಾಳೇನು?"

ಬೀಗತಿಗೆ ನಮ್ಮ ಭಾಷೆ ಬಾರದು, ಆದರೆ ನನ್ನ ಮುಖ ಅರ್ಥವಾಯಿತು. ಬಟ್ಟಲಿಗೆ ಸಾರು ಹಾಕಿ, ನನ್ನನ್ನೇ ನೋಡುತ್ತ ಮೊದಲ ಚಮಚ ತಾನೇ ಕುಡಿದಳು. ಏನೂ ಬೆರೆಸಿಲ್ಲ ಎಂದು ತೋರಿಸಲು ಬಡಿಸುವವರು ಮೊದಲು ಬಾಯಿಗಿಡುವುದು ಅವರ ಪದ್ಧತಿಯಂತೆ. ನಮ್ಮಲ್ಲಿ ಅದು ಎಂಜಲು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಹಾಗೆ ತೋರಿಸಬೇಕಾದರೆ ಬೆರೆಸುವವರು ಅಲ್ಲಿಯೂ ಇದ್ದಾರೆಂದಾಯಿತು, ನಮ್ಮೂರಲ್ಲಿ ಇರುವ ಹಾಗೆ.

ಮೊಮ್ಮಗಳು ಸಾರಿನ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, ಬೆವರುತ್ತ, ಬಟ್ಟಲು ಬರಿದು ಮಾಡಿ ಇನ್ನಷ್ಟು ಹಾಕಿಸಿಕೊಂಡಳು. ಸಂಜೆಗೆ ಹಾಲಿಳಿದು ರವಿಕೆ ನೆನೆದಿತ್ತು. ಕೂಸು ಹೊಟ್ಟೆ ತುಂಬಿ ಮಲಗಿತು. ಬೀಗತಿ ನನ್ನ ಕಡೆ ತಿರುಗಿ ನಕ್ಕಳು. ನಾನು ನಗಲಿಲ್ಲ.

"ನಾಳೆನೂ ಇದ ಬೇಕು ನನಗ," ಎಂದಳು ಮೊಮ್ಮಗಳು.

ಬೇಡ ಎಂದರೆ ಕೇಳುವವಳಲ್ಲ. ಹಾಗಾದರೆ ಗಡಿಗೆಗೆ ಏನು ಬೀಳುತ್ತದೆ ಎಂಬುದಾದರೂ ನನಗೆ ಗೊತ್ತಿರಬೇಕು. ಮರುದಿನ ಬೆಳಗ್ಗೆ ಬೀಗತಿ ಏಳುವ ಮೊದಲೇ ಆಟೋ ಹತ್ತಿ, ಬಂಗಾಲಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿಗೆ ಮೀನು ತರಲು ಹೋದೆ. ಮೀನು ಮಾರುವ ಬಂಗಾಲಿ ಹೆಂಗಸು ಬೈಯುತ್ತಿದ್ದರೂ ಒಂದೊಂದರ ಕಿವಿರು ಎತ್ತಿ ನೋಡಿ, ಕಿವಿರು ಕೆಂಪಗಿದ್ದ ತಾಜಾ ಮೀನನ್ನು ನಾನೇ ಆರಿಸಿ ತಂದೆ.