ಇಪ್ಪತ್ತು ಸಾವಿರ ವ್ಯಾಟಿನ ಸಂಸಾರ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಜನರೇಟರ್ ಕೋಣೆಯಲ್ಲಿ ವ್ಯಾಟಕ್ಕ ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಲೆಕ್ಕ ಕೂಡಿಸುತ್ತಿದ್ದಾರೆ. ಲೈನ್ ರಿಪೇರಿಯೆಂದು ಆರರಿಂದ ಎಂಟರವರೆಗೆ ಊರಿಗೆಲ್ಲ ಕರೆಂಟ್ ಇಲ್ಲ. ಜನರೇಟರಿನ ತಾಕತ್ತು ಇಪ್ಪತ್ತು ಸಾವಿರ ವ್ಯಾಟ್. ಗೋಡೆಯ ಮೊತ್ತ ಹತ್ತೊಂಬತ್ತು ಸಾವಿರದ ಒಂಬೈನೂರು. ನಿನ್ನೆ ಸಂಜೆ ದಿನ ತುಂಬುವ ಮೊದಲೇ ಹುಟ್ಟಿದ, ಒಂದೂಕಾಲು ಕಿಲೋ ತೂಕದ ಮಗುವೊಂದು ಮೂರನೆಯ ವಾರ್ಮರ್‌ನಲ್ಲಿ ಮಲಗಿದೆ. ಅದನ್ನು ಬೆಚ್ಚಗಿಡಲು ಇನ್ನೂ ಆರುನೂರು ಬೇಕು.

ವ್ಯಾಟಕ್ಕ ಗೋಡೆಯ ಒಂದು ಸಾಲನ್ನು ಅಂಗೈಯಿಂದ ಒರೆಸುತ್ತಾರೆ. ಸೂಪರಿಂಟೆಂಡೆಂಟರ ಎ.ಸಿ., ಸಾವಿರದಿನ್ನೂರು.

“ಕೇಳಿದ್ರಾ ಅವರನ್ನ?” ಎನ್ನುತ್ತೇನೆ ನಾನು.

“ಕೇಳಿದ್ರೆ ಮೀಟಿಂಗ್ ಕರೀತಾರೆ.”

ಹದಿನೇಳು ವರ್ಷಗಳಿಂದ ಇವರು ಇಲ್ಲಿನ ಎಲೆಕ್ಟ್ರಿಷಿಯನ್. ಆಸ್ಪತ್ರೆಯ ಮುನ್ನೂರ ನಲವತ್ತು ಉಪಕರಣಗಳಿಗೂ ಬಿಳಿ ಬಣ್ಣದಲ್ಲಿ ವ್ಯಾಟ್ ಬರೆದಿದ್ದಾರೆ. ಹೆಸರು ಬಂದದ್ದು ಹಾಗೆ. ವ್ಯಾಟ್ ಅಂದರೇನು ಎಂದರೆ ತಡವರಿಸುವುದಿಲ್ಲ: “ಯಂತ್ರ ಎಷ್ಟು ಜೋರಾಗಿ ತಿಂತಿದೆ ಅನ್ನೋ ಲೆಕ್ಕ. ಒಟ್ಟು ಎಷ್ಟು ತಿಂತು ಅಂತ ತಿಂಗಳ ಕೊನೆಗೆ ಮೀಟರ್ ಹೇಳುತ್ತೆ. ನನಗೆ ಈ ಕ್ಷಣದ್ದು ಬೇಕು.”

ಟೈಲರ್ ಆಗಿರುವ ಗಂಡನ ದೂರು ಬೇರೆ. “ನಾನು ಇಸ್ತ್ರಿ ಹಾಕುವಾಗ ಮನೇಲಿ ಮಿಕ್ಸಿ ಮುಟ್ಟೋ ಹಾಗಿಲ್ಲ. ನಾನು ಕಟ್ಕೊಂಡಿದ್ದು ಫ್ಯೂಸನ್ನ ಸ್ವಾಮಿ.”

ಈ ಹುಷಾರಿಗೆ ಕಾರಣ ಒಂಬತ್ತು ವರ್ಷ ಹಿಂದಿನ ಒಂದು ಎಡವಟ್ಟು. ಅಂದು ಅವರು ಎಲ್ಲ ದೀಪ, ವಾರ್ಮರ್ ಹಚ್ಚಿ ಕೊನೆಗೆ ಆಕ್ಸಿಜನ್ ಕಂಪ್ರೆಸರ್ ಹಾಕಿದ್ದರು. ಅದರ ತಗಡಿನ ಮೇಲಿದ್ದ ಅಂಕಿಯನ್ನು ನಂಬಿದ್ದರು. ದೊಡ್ಡ ಮೋಟಾರ್ ಓಡುವಾಗ ತಿನ್ನುವುದು ತಗಡಿನ ಅಂಕಿಯಷ್ಟು. ಏಳುವಾಗ ಎಳೆಯುವುದು ಅದರ ನಾಲ್ಕೈದು ಪಟ್ಟು. ಜನರೇಟರ್ ಉಸಿರು ಕಟ್ಟಿ ನಿಂತಿತು. ಏಳು ನಿಮಿಷ ನರ್ಸುಗಳು ಶಿಶುಗಳನ್ನು ಎದೆಗವಚಿಕೊಂಡು ನಿಂತರು.

“ಮಕ್ಕಳಿಗೇನೂ ಆಗ್ಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ರೆ ಮರೀತಿದ್ದೆನೋ ಏನೋ.”

ಅಂದಿನಿಂದ ಇಲ್ಲಿ ಒಂದೇ ಕ್ರಮ: ಜನರೇಟರ್ ಖಾಲಿ ಇರುವಾಗಲೇ ದೊಡ್ಡ ಮೋಟಾರ್ ಎಬ್ಬಿಸಬೇಕು, ಅದು ಹದಕ್ಕೆ ಬಂದ ಮೇಲೆ ಉಳಿದದ್ದು. ಅಷ್ಟು ಹೊತ್ತು ವಾರ್ಮರ್‌ಗಳನ್ನು ಕಾಯಲು ಈಗ ಬ್ಯಾಟರಿಯಿದೆ. ಐದು ನಿಮಿಷ, ಅದರಾಚೆ ಇಲ್ಲ.

ಆರಕ್ಕೆ ಸರಿಯಾಗಿ ಕತ್ತಲು. ಜನರೇಟರ್ ಗುಡುಗುತ್ತದೆ. ವ್ಯಾಟಕ್ಕ ಕಂಪ್ರೆಸರ್‌ನ ಸ್ವಿಚ್ ಎಳೆಯುತ್ತಾರೆ. ಸದ್ದು ಕುಸಿಯುತ್ತದೆ, ವ್ಯಾಟ್ ತೋರುವ ಮುಳ್ಳು ಹಾರುತ್ತದೆ. ಅವರ ತುಟಿ ಮಾತ್ರ ಎಣಿಸುತ್ತಿದೆ. ಮುಳ್ಳು ಇಳಿಯುತ್ತದೆ. ನೀರಿನ ಪಂಪು, ಔಷಧಿಯ ಫ್ರಿಜ್ಜು, ಮತ್ತೆ ವಾರ್ಮರ್: ಒಂದು, ಎರಡು. ಮೂರನೆಯದಕ್ಕೆ ಕೈ ಹೋಗುವಷ್ಟರಲ್ಲಿ ಫೋನು.

“ನನ್ನ ರೂಮ್‌ನ ಎ.ಸಿ. ಯಾಕೆ ಇನ್ನೂ ಆನ್ ಆಗಿಲ್ಲ?” ಸೂಪರಿಂಟೆಂಡೆಂಟರು.

“ಕಿಟಕಿ ತೆಗೀರಿ ಸಾರ್, ಬೆಳಗಿನ ಗಾಳಿ ತಣ್ಣಗಿದೆ.”

ಫೋನಿಟ್ಟು ಸ್ವಿಚ್ ಒತ್ತುತ್ತಾರೆ. ಮುಳ್ಳು ಹತ್ತೊಂಬತ್ತು ಸಾವಿರದ ಮುನ್ನೂರರಲ್ಲಿ ನಿಲ್ಲುತ್ತದೆ. ಬ್ಯಾಟರಿಯಲ್ಲಿ ಇನ್ನೂ ಒಂದೂವರೆ ನಿಮಿಷ ಉಳಿದಿದೆ.

ಅಲ್ಲಿಂದ ಎರಡು ತಾಸು ಅವರು ಕೂರುವುದಿಲ್ಲ. ಎಂಟಕ್ಕೆ ಕರೆಂಟ್ ಬಂದಾಗ ನಾವಿಬ್ಬರೂ ಶಿಶುಗಳ ಕೋಣೆಯ ಗಾಜಿನಾಚೆ ನಿಂತಿದ್ದೇವೆ. ಒಳಗೆ ಮೂರೂ ವಾರ್ಮರ್‌ಗಳ ಕೆಂಪು ಬೆಳಕು ಒಮ್ಮೆ ಮಿನುಗಿ ನೆಲೆಯಾಗುತ್ತದೆ. ಸಿಸ್ಟರ್ ಬರೆಯುತ್ತಲೇ ಇದ್ದಾರೆ. ಒಂದೂಕಾಲು ಕಿಲೋದ ಆ ಮಗುವಿನ ತಾಯಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ.

“ಯಾರೂ ತಲೆ ಎತ್ತಲಿಲ್ಲ ನೋಡಿ,” ಎನ್ನುತ್ತಾರೆ ವ್ಯಾಟಕ್ಕ. “ಅಷ್ಟೇ ಬೇಕಾಗಿದ್ದು.”