ಆ ಕೈ ನಿಮ್ಮದಲ್ಲ, ಮೇಷ್ಟ್ರೇ

ಮೊರಾಕೋ ದೇಶದ ಫೆಸ್ ಊರಿನಲ್ಲಿ ಆ ಮುದುಕನ ಕೆಲಸ ಕೆಡಿಸಿದವನು ನಾನು, ಮೇಷ್ಟ್ರೇ. ನೀವಲ್ಲ. ನಿಮ್ಮ ಕೈ ಅದಕ್ಕೆ ತಾಗಲೇ ಇಲ್ಲ. ಮೂರು ವರ್ಷದಿಂದ ಇದು ನನಗೊಬ್ಬನಿಗೇ ಗೊತ್ತಿರುವ ಸಂಗತಿ. ಕಟ್ಟಿಕೊಂಡ ಹೆಂಡತಿ ಜಯಮ್ಮನಿಗೂ ಹೇಳಿಲ್ಲ.

ನಿಮ್ಮ ಮೇಲೆ ಈಗ ಪ್ರೀತಿ ಹುಟ್ಟಿ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮನ್ನು ಕಂಡರೆ ನನಗೆ ಆಗುವುದಿಲ್ಲ. ಅಕ್ಕನನ್ನು ನೀವು, ತಂಗಿಯನ್ನು ನಾನು ಮದುವೆಯಾಗಿ ಷಡ್ಡಕರಾದ ದಿನದಿಂದಲೂ ಆಗಿಲ್ಲ. ನೀವು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ರಿಟೈರಾದವರು, ಸಂಜಯನಗರದಲ್ಲಿ ಮನೆ, ಮನೆತುಂಬ ಪುಸ್ತಕ. ನಾನು ಕೊಡಿಗೇಹಳ್ಳಿಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಸಹಕಾರನಗರದಲ್ಲಿ ಯಾವ ರಸ್ತೆಗೆ ಹೋದರೂ ನಾನು ಟೈಲ್ಸ್ ಹಾಕಿದ ಒಂದು ಮನೆ ಸಿಗುತ್ತದೆ. ಈಗ ನನ್ನ ಕೈಕೆಳಗೆ ಹದಿನೈದು ಜನ ಇದ್ದಾರೆ. ಒಬ್ಬರ ಮುಂದೆಯೂ ಕೈಯೊಡ್ಡದೆ ಬೆಳೆದೆ. ಆದರೆ ಹಬ್ಬಕ್ಕೆ ಸೇರಿದಾಗ ನಾನು ಪೇಪರ್ ಕೈಗೆತ್ತಿಕೊಂಡರೆ ಸಾಕು, ನೀವು ಶುರುಮಾಡುತ್ತಿದ್ದಿರಿ —

"ಏನ್ ಮುನಿರಾಜು, ಓದ್ತಿದೀಯೋ, ಚಿತ್ರ ನೋಡ್ತಿದೀಯೋ?"

ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಆ ನಗು ಮುಖದಿಂದ ಇಳಿದ ಮೇಲೆ ಒಳಗೆ ಎಲ್ಲಿಗೆ ಹೋಗುತ್ತಿತ್ತು ಅನ್ನುವುದನ್ನು... ಬಿಡಿ.

ಟೂರಿಗೆ ಹೋಗೋಣ ಎಂದು ಹಟ ಹಿಡಿದವರು ಅಕ್ಕತಂಗಿಯರು. ಏಳು ದಿನ, ಒಂದು ಬಸ್ಸು, ಬೆಂಗಳೂರಿನ ಇಪ್ಪತ್ತು ಜನ. ನಮ್ಮನ್ನು ನೋಡಿಕೊಳ್ಳಲು ಟೂರ್ ಕಂಪನಿಯಿಂದ ಬಂದ ಕಾವ್ಯ ಅನ್ನುವ ಹುಡುಗಿ, ಊರು ತೋರಿಸಲು ಅಲ್ಲಿಯ ಗೈಡ್ ಇದ್ರೀಸ್. ಮೊದಲ ದಿನ ಕಾಸಾಬ್ಲಾಂಕದ ಹೋಟೆಲಿನಲ್ಲಿ ಇಂಗ್ಲಿಷಿನ ಒಂದು ಫಾರಂ ಕೊಟ್ಟರು. ನಾನು ಕನ್ನಡಕ ಹುಡುಕುವ ಹಾಗೆ ನಟಿಸಿದೆ. ನೀವು ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಅಷ್ಟೂ ಜನರ ನಡುವೆ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಕೇಳಿದಿರಿ: "ಉದ್ಯೋಗ ಅಂತ ಇದೆ. ಏನಯ್ಯ ಬರೀಲಿ, ಗಾರೆ ಕೆಲಸ ಅಂತಾನಾ?"

ಗಾರೆ ಕೆಲಸದ ಬಗ್ಗೆ ನನಗೆ ನಾಚಿಕೆಯಿಲ್ಲ. ಅದು ನಿಮ್ಮ ಬಾಯಿಂದ ಬಂದ ರೀತಿಗೆ ಮೈ ಉರಿಯಿತು.

ರಬಾತ್‌ನಲ್ಲಿ ಅರ್ಧಕ್ಕೇ ನಿಂತುಹೋದ ಆ ದೊಡ್ಡ ಗೋಪುರ, ಅದರ ಮುಂದೆ ಸಾಲುಸಾಲು ಮೊಂಡು ಕಂಬಗಳು. ಒಂದರ ಮೇಲೊಂದು ದುಂಡುಕಲ್ಲು ಕೂರಿಸಿ ಎಬ್ಬಿಸಿದ ಕಂಬ ಅದು. ಕೂಡಿಕೆಯ ಮೇಲೆ ಬೆರಳಾಡಿಸುತ್ತಾ ನಾನು ಜಯಮ್ಮನಿಗೆ ತೋರಿಸುತ್ತಿದ್ದೆ. ನಿಜವಾಗಿ ಖುಷಿಯಾಗಿತ್ತು ನನಗೆ. ನೀವು ಹಿಂದಿನಿಂದ, "ಸೈಟ್ ನೋಡಕ್ಕೆ ಬಂದಿಲ್ಲ ಕಣಯ್ಯ, ಇದು ಇತಿಹಾಸ," ಎಂದಿರಿ. ಇತಿಹಾಸವನ್ನು ಯಾರೋ ಹೊತ್ತು ಎಬ್ಬಿಸಿರಬೇಕಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಆಡಿಬಿಟ್ಟಿದ್ದರೆ ಮುಂದಿನದು ಆಗುತ್ತಿರಲಿಲ್ಲವೋ ಏನೋ.

ಫೆಸ್‌ಗೆ ಹೋಗುವಾಗ ಬಸ್ಸಿನಲ್ಲಿ ಜಯಮ್ಮ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಮೇಷ್ಟ್ರಿಗೆ ಕೈ ನಡುಗುತ್ತಂತೆ ಕಣ್ರೀ. ಡಾಕ್ಟ್ರು ಭಯ ಇಲ್ಲ, ವಯಸ್ಸಿಂದು ಅಂದವ್ರಂತೆ. ಯಾರ್ಗೂ ಗೊತ್ತಾಗ್ಬಾರ್ದು ಅಂತ ಒದ್ದಾಡ್ತವ್ರೆ. ಅಕ್ಕ ಆಣೆ ಹಾಕ್ಸವ್ಳೆ, ನೀವು ಬಾಯ್ಬಿಟ್ಟೀರ."

ಆಮೇಲೆ ಗಮನಿಸಿದೆ. ಪುದೀನ ಚಹಾದ ಆ ಪುಟ್ಟ ಗ್ಲಾಸನ್ನು ನೀವು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಿರಿ, ಚಳಿ ಎಂದು ನೆಪ ಹೇಳುತ್ತಿದ್ದಿರಿ. ನೋಡಿ ಮರುಕ ಬರಬೇಕಿತ್ತು. ನನಗೆ ಬಂದದ್ದು ಬೇರೆ — ಇವರಿಗೂ ಒಂದು ಕುಂದು ಇದೆ ಅನ್ನುವ ಸಮಾಧಾನ.

ಫೆಸ್‌ನ ಹಳೇ ಪೇಟೆಯ ಗಲ್ಲಿಗಳಲ್ಲಿ ಹೇಸರಗತ್ತೆಗೆ ದಾರಿ ಬಿಡುತ್ತಾ ನಡೆದು, ಇದ್ರೀಸ್ ನಮ್ಮನ್ನು ಒಂದು ಟೈಲ್ಸ್ ಕಾರ್ಖಾನೆಗೆ ಕರೆದುಕೊಂಡು ಹೋದ. ಒಳಗಿನ ಕೋಣೆಯಲ್ಲಿ ಒಬ್ಬ ಮುದುಕ ನೆಲದ ಮೇಲೆ ಕೂತಿದ್ದ. ಉಗುರಿನಷ್ಟು, ಬೆರಳಿನಷ್ಟು ಚೂರುಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸುತ್ತಿದ್ದ. ಎಲ್ಲವನ್ನೂ ಬೋರಲಾಗಿ! ಬಣ್ಣದ ಮುಖ ನೆಲಕ್ಕೆ, ಮಣ್ಣಿನ ಬೆನ್ನು ಮೇಲಕ್ಕೆ. ಯಾವುದು ನೀಲಿ, ಯಾವುದು ಹಸಿರು ಎಂದು ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಅವನ ನೆನಪಿನಲ್ಲಿ. ಜೋಡಿಸಿ ಮುಗಿದ ಮೇಲೆ ಬೆನ್ನಿಗೆ ಗಾರೆ ಸುರಿದು, ಒಣಗಿಸಿ, ಎತ್ತಿ ತಿರುಗಿಸಿದಾಗಲೇ ಚಿತ್ರ ಕಾಣುವುದು. ಆ ಒಂದು ಜೋಡಣೆಗೇ ಅವನು ಮೂರು ವಾರ ಕೂತಿದ್ದನಂತೆ. ಮಾರನೆಯ ದಿನ ಗಾರೆ ಸುರಿಯುವುದಿತ್ತು.

ಇದ್ರೀಸ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀವು ಕನ್ನಡದಲ್ಲಿ ಹೇಳುತ್ತಿದ್ದಿರಿ. ನನಗೆ ಅದು ಬೇಕಿರಲಿಲ್ಲ. ಮುದುಕನ ಕೈ ನೋಡಿದ ಕೂಡಲೇ ಅರ್ಥವಾಗಿತ್ತು. ಮೂವತ್ತು ವರ್ಷ ನೆಲಕ್ಕೆ ಮಂಡಿಯೂರಿದ ನನಗೆ ಅವನಿಗೊಂದು ನಮಸ್ಕಾರ ಹಾಕಬೇಕು ಅನ್ನಿಸಿತ್ತು. ಆಗ ನೀವು ನನ್ನ ಕಡೆ ತಿರುಗಿದಿರಿ.

"ಅಷ್ಟೊಂದು ನೋಡ್ಬೇಡ ಮುನಿರಾಜು. ಇದು ಬಾತ್‌ರೂಮ್ ಟೈಲ್ಸ್ ಅಲ್ಲ, ಕಲೆ."

ಕಾವ್ಯ ಕೂಡ ನಕ್ಕಳು.

ಮಧ್ಯಾಹ್ನದ ನಮಾಜಿಗೆ ಬಾಂಗ್ ಕೇಳಿ ಮುದುಕ ಎದ್ದು ಹೋದ. ಉಳಿದವರು ಅಂಗಳಕ್ಕೆ ಚಹಾ ಕುಡಿಯಲು ಹೋದರು. ನಾನು ಕೋಣೆಯಲ್ಲೇ ಉಳಿದೆ. ಯಾಕೆ ಉಳಿದೆ? ಆ ಕೆಲಸದಲ್ಲಿ ಒಂದು ತಪ್ಪು ಹುಡುಕಬೇಕಿತ್ತು ನನಗೆ. ನೀವು ಕಲೆ ಅಂದದ್ದರಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ದರೆ ಸಾಕಿತ್ತು. ನಮ್ಮ ಕೆಲಸದಲ್ಲಿ ಹಾಕಿದ ಟೈಲ್ಸನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡುತ್ತೇವೆ. ಕೆಳಗೆ ಟೊಳ್ಳಿದ್ದರೆ ಶಬ್ದವೇ ಹೇಳುತ್ತದೆ. ಕೂತು ತಟ್ಟಿದೆ. ಒಂದು ಚೂರು ಎದ್ದು ನಿಂತಿತು. ತೆಗೆದು ತಿರುಗಿಸಿ ನೋಡಿದೆ — ನೀಲಿ. ಮತ್ತೆ ಅದರ ಜಾಗಕ್ಕೆ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ, ಹಸಿ ಸಿಮೆಂಟಿನ ಮೇಲೆ ಒತ್ತುವ ಹಾಗೆ. ಆದರೆ ಅಲ್ಲಿ ಸಿಮೆಂಟು ಎಲ್ಲಿತ್ತು? ಒಣ ನೆಲ. ಒತ್ತಿದಷ್ಟೂ ಪಕ್ಕದವು ಮೇಲೆದ್ದವು. ಅವನ್ನು ಒತ್ತಿದೆ, ಅದರಾಚೆಯವು ಸರಿದವು. ಕಣ್ಣ ಮುಂದೆಯೇ ಚೂರುಗಳು ಕೂಡಿ ಆಗಿದ್ದ ಒಂದು ನಕ್ಷತ್ರದ ಕಾಲು ಬಿಟ್ಟುಕೊಂಡು ಅಂಚಿನ ಮರದ ಪಟ್ಟಿಯವರೆಗೆ ಸಾಲೇ ಕಳಚಿಹೋಯಿತು. ಮಗುವೂ ಮಾಡದ ತಪ್ಪು. ಟೈಲ್ಸ್ ಕೆಲಸದವನೇ ಮಾಡಬಹುದಾದ ತಪ್ಪು.

ಎದ್ದು ಹೊರಗೆ ಬಂದೆ. ಬಾಗಿಲಲ್ಲಿ ನೀವು ಎದುರಾದಿರಿ, ಮೊಬೈಲ್ ಹಿಡಿದು ಫೋಟೋ ತೆಗೆಯಲು ಒಳಗೆ ಹೋದಿರಿ. ನೋಡಿದೆ. ತಡೆಯಲಿಲ್ಲ, ಬಾಗಿಲಲ್ಲೇ ನಿಂತೆ.

ಮುದುಕ ಹಿಂತಿರುಗಿದಾಗ ಆ ಜೋಡಣೆಯ ಮೇಲೆ ಬಾಗಿ ನಿಂತಿದ್ದವರು ನೀವು. ಅವನು ಕೂಗಲಿಲ್ಲ. ಏನೋ ಒಂದು ಮಾತು ನಿಧಾನವಾಗಿ ಆಡಿ ಕುಸಿದು ಕೂತ. ಇದ್ರೀಸ್ ಬಂದ, ಕಾವ್ಯ ಓಡಿಬಂದಳು, ಹಿಂದೆ ಉಳಿದವರೆಲ್ಲ. "ನಾನು ಮುಟ್ಟಿಲ್ಲಮ್ಮ, ಬರುವಾಗಲೇ ಹಾಗಿತ್ತು," ಎಂದಿರಿ ನೀವು. ಗಟ್ಟಿಯಾಗಿಯೇ ಹೇಳಿದಿರಿ, ಹೆಡ್‌ಮಾಸ್ಟರರ ದನಿಯಲ್ಲಿ. ಕಾವ್ಯ ನನ್ನ ಕಡೆ ತಿರುಗಿದಳು.

"ಅಂಕಲ್, ನೀವೂ ಇಲ್ಲೇ ಇದ್ರಲ್ವಾ? ಏನಾಯ್ತು?"

ನಾನು ಹೇಳಿದೆ: "ಅವ್ರಿಗೆ ಕೈ ನಡುಗುತ್ತಲ್ಲಮ್ಮ. ತಾಗಿರ್ಬೇಕು. ಅವ್ರಿಗೇ ಗೊತ್ತಾಗಿರಲ್ಲ."

ಅಷ್ಟೇ ಮಾತು. ಯೋಚಿಸಿ ಆಡಿದ್ದಲ್ಲ ಎಂದು ಬರೆಯಲು ಪೆನ್ನು ಎತ್ತಿದೆ, ಆದರೆ ಅದು ಸುಳ್ಳು. ಪ್ರತಿಯೊಂದು ಮಾತನ್ನೂ ತೂಗಿ ಆಡಿದ್ದೆ. ನೀವು ಬಚ್ಚಿಟ್ಟದ್ದನ್ನು ಇಪ್ಪತ್ತು ಜನರ ಮುಂದೆ ಬಿಚ್ಚಿಟ್ಟೆ, ನಿಮ್ಮ ಮನಸ್ಸಿನಲ್ಲಿ ನಿಮ್ಮ ಕೈಯ ಮೇಲೇ ಅನುಮಾನ ಹಾಕಿದೆ — ಎರಡನ್ನೂ ಒಂದೇ ಏಟಿಗೆ. ಜಯಮ್ಮ ನನ್ನನ್ನು ನೋಡಿದಳು. ಅಕ್ಕ ಜಯಮ್ಮನನ್ನು ನೋಡಿದಳು. ನೀವು ಮಾತ್ರ ನಿಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದಿರಿ. ಅದು ಆಗ ನಿಜವಾಗಿಯೂ ನಡುಗುತ್ತಿತ್ತು. "ಇರಬಹುದು... ತಾಗಿರಬಹುದು..." ಎಂದಿರಿ. ಆ ಮುದುಕನ ಮುಂದೆ ಎರಡೂ ಕೈ ಮುಗಿದು ನಿಂತಿರಿ. ಅವನು ನಿಮ್ಮ ಭುಜ ತಟ್ಟಿ, ಮತ್ತೆ ಮೊದಲ ಚೂರಿನಿಂದ ಕೆಲಸಕ್ಕೆ ಕೂತ.

ಟೂರಿನ ಕೊನೆಯ ಊರಾದ ಮರಕೇಶ್‌ವರೆಗೆ ನೀವು ಒಂದು ಬೋರ್ಡನ್ನೂ ಓದಿ ಹೇಳಲಿಲ್ಲ. ಅರಮನೆಗಳಲ್ಲಿ ಗುಂಪಿನ ಹಿಂದೆ ಕೈಗಳನ್ನು ಜೇಬಿಗೆ ತುರುಕಿ ನಡೆದಿರಿ. ಉಳಿದ ಆ ಮೂರು ದಿನ ನನಗೆ ಹಾಯಾಗಿತ್ತು. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಅರ್ಧ ಸತ್ಯ. ಹೊಟ್ಟೆ ತುಂಬ ಉಂಡೆ, ಒಂಟೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡೆ.

ಊರಿಗೆ ಬಂದ ಮೇಲೆ ನೀವು ಸ್ಕೂಟರ್ ಓಡಿಸುವುದನ್ನು ಬಿಟ್ಟಿರಿ ಎಂದು ಕೇಳಿದೆ. ಬಿಡಲಿ ಅಂದುಕೊಂಡೆ. ಮದುವೆ ಪತ್ರಿಕೆಗಳ ಮೇಲೆ ಹೆಸರು ಬರೆದುಕೊಡುವುದನ್ನು ಬಿಟ್ಟಿರಿ. ಅದಕ್ಕೂ ಏನೂ ಅನ್ನಿಸಲಿಲ್ಲ. ಆಮೇಲೆ ನಿಮ್ಮ ಮಗಳಿಗೆ ಮಗು ಹುಟ್ಟಿತು. ನಾಮಕರಣದ ದಿನ ಅವಳು ತೊಟ್ಟಿಲಿನಿಂದ ಎತ್ತಿ, "ಅಪ್ಪಾ, ಮೊದ್ಲು ನೀವ್ ಎತ್ಕೊಳ್ಳಿ," ಎಂದು ಮಗುವನ್ನು ಮುಂದೆ ಹಿಡಿದಳು. ನೀವು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ.

"ಬೇಡ ಕಣಮ್ಮ. ಈ ಕೈ ನಂಬೋ ಹಾಗಿಲ್ಲ."

"ಏನೂ ಆಗಲ್ಲ ಅಪ್ಪ. ಡಾಕ್ಟ್ರೇ ಹೇಳಿದಾರಲ್ಲ?"

"ಡಾಕ್ಟ್ರಿಗೇನ್ ಗೊತ್ತು? ನನ್ಗೇ ಗೊತ್ತಾಗ್ದೆ ಏನ್ ಮಾಡ್ತೀನೋ. ಮುನಿರಾಜುನ್ನ ಕೇಳು, ಅವ್ನೇ ನೋಡಿದಾನೆ."

ಎಲ್ಲರೂ ನನ್ನನ್ನು ನೋಡಿದರು. ಅದೊಂದು ಬಾಗಿಲು ತೆರೆದಿತ್ತು, ಮೇಷ್ಟ್ರೇ. ನೀವೇ ತೆರೆದಿದ್ದಿರಿ. ನಾನು "ಹೂಂ" ಅಂದೆ. ಫೆಸ್‌ನಲ್ಲಿ ಆಡಿದ ಮಾತಿಗೆ ಸಿಟ್ಟು ಅಂತಲಾದರೂ ಒಂದು ಹೆಸರಿದೆ. ಈ ಹೂಂಗೆ ಏನೂ ಹೆಸರಿಲ್ಲ.

ಮೊನ್ನೆ ದೀಪಾವಳಿಗೆ ನಿಮ್ಮ ಮನೆಗೆ ಬಂದಿದ್ದೆವಲ್ಲ. ಮಗುವಿಗೆ ಎರಡು ತುಂಬಿದೆ, ಮನೆಯೆಲ್ಲ ಓಡುತ್ತದೆ. ನೀವು ಕುರ್ಚಿಯಲ್ಲಿ ಕೂತಿದ್ದಿರಿ, ನಾನು ಪಕ್ಕದಲ್ಲಿ. ಹೊರಗೆ ಪಟಾಕಿ ಸಿಡಿದ ಸದ್ದಿಗೆ ಮಗು ಬೆಚ್ಚಿ ಓಡಿಬಂತು. ನಿಮ್ಮ ಮೊಣಕಾಲನ್ನು ದಾಟಿ ನನ್ನ ಮುಂದೆ ನಿಂತು ಎರಡೂ ಕೈ ಮೇಲೆತ್ತಿತು. ವರ್ಷಕ್ಕೆ ಎರಡು ಸಲ ಕಾಣುವ ನನ್ನ ಮುಂದೆ! ನಿಮ್ಮ ಹತ್ತಿರ ಕೈಯೆತ್ತಿ ಪ್ರಯೋಜನವಿಲ್ಲ ಎಂದು ಅದು ಕಲಿತುಬಿಟ್ಟಿತ್ತು. ನಾನು ಎತ್ತಿಕೊಂಡೆ. ನನ್ನ ಬಲಗೈ ಅದರ ಬೆನ್ನ ಮೇಲಿತ್ತು. ನೀವು ಆ ಕೈಯನ್ನೇ ನೋಡುತ್ತಾ, "ಭದ್ರವಾಗಿ ಹಿಡ್ಕೊಳಯ್ಯ," ಎಂದಿರಿ.

ಯಾವ ಕೈಯನ್ನು ನಂಬಿ ಹಾಗೆಂದಿರೋ — ಅದೇ ಕೈ, ಮೇಷ್ಟ್ರೇ. ಆ ಹೆಬ್ಬೆರಳೇ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅಕ್ಕ, ನಿಮ್ಮ ಮಗಳು, ಅಳಿಯ, ಜಯಮ್ಮ ಎಲ್ಲರೂ ಇರಲಿ. ಅಷ್ಟು ಜನರ ಮುಂದೆ ಆಡಿದ್ದನ್ನು ಇಷ್ಟಾದರೂ ಜನರ ಮುಂದೆ ವಾಪಸು ತೆಗೆದುಕೊಳ್ಳಬೇಕು. ಈ ಕಾಗದ ಯಾಕೆಂದರೆ, ನಿಮ್ಮ ಮುಖ ಕಂಡ ಕೂಡಲೇ ನನ್ನ ಹಳೇ ಉರಿ ಎದ್ದು ಮಾತು ತಿರುಚಿಕೊಂಡೀತು ಅನ್ನುವ ಭಯ. ಹಾಗೇನಾದರೂ ಆದರೆ ನೀವೇ ಇದನ್ನು ಜೋರಾಗಿ ಓದಿ. ಆ ಹಾಜರಿ ಕೂಗುವ ದನಿಯಲ್ಲೇ ಓದಿ. ನಾನು ನಡುವೆ ಮಾತಾಡುವುದಿಲ್ಲ.

ಕ್ಷಮೆ ಕೇಳುತ್ತಿಲ್ಲ. ನೀವು ಕೊಡುವವರೂ ಅಲ್ಲ, ನಾನಾಗಿದ್ದರೂ ಕೊಡುತ್ತಿರಲಿಲ್ಲ. ಮನೆಗೆ ಸೇರಿಸಬೇಡಿ, ಬಾಯಿಗೆ ಬಂದ ಹಾಗೆ ಬೈಯಿರಿ, ನಿಂತು ಕೇಳಿಸಿಕೊಳ್ಳುತ್ತೇನೆ. ಆದರೆ ಬೈಯಲು ನಾನು ಬರುವವರೆಗೂ ಕಾಯಿರಿ. ಈ ಕಾಗದವನ್ನು ಪಕ್ಕಕ್ಕಿಟ್ಟು, ಮೊದಲು ಮಗುವನ್ನು ಕರೆದು ಎತ್ತಿಕೊಳ್ಳಿ.