ಮುಷ್ಕರದ ಮೊದಲ ದಿನ ಗುಡಿಸಿದ ಅಂಗಳ

ಇವತ್ತು ಬೆಳಿಗ್ಗೆ ಗೇಟು ತೆಗೆಯುತ್ತಿದ್ದ ಹಾಗೇ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ನಿನ್ನೆ ಸಂಜೆಯೇ ಚರಂಡಿಯ ಅಂಚಿಗೆ ಗೆರೆ ಎಳೆದ ಹಾಗೆ ಪುಡಿ ಉದುರಿಸಿಕೊಂಡು ಹೋಗಿದ್ದರು. ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಈ ವಾಸನೆ ಇಷ್ಟ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಸೋಮವಾರ ಬೆಳಿಗ್ಗೆ ಅಲ್ಲಿನ ಉದ್ದ ಜಗಲಿಯ ತುಂಬ ಇದೇ ವಾಸನೆ. ಅದರ ನಡುವೆ ನಾವು ಬಿಳಿ ಶೂ ಹಾಕಿಕೊಂಡು, ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ನಡೆಯಬೇಕಿತ್ತು. ಗಲಾಟೆ ಮಾಡದೆ ಸಾಲಿನಲ್ಲಿ ಹೋಗುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮದುವೆಯಾಗಿ ಬಂದ ಮೇಲೂ ಅದೇ ಉಪಯೋಗಕ್ಕೆ ಬಂತು. ಮನೆಗೆ ಬಂದವರ ಎದುರು ನಮ್ಮತ್ತೆ, "ಸೊಸೆ ಮನೇಲಿದ್ದು ಹೇಳಿ ಗೊತ್ತೇ ಆಗ್ತಿಲ್ಲೆ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ಇವತ್ತಿಗೂ ಬಗೆಹರಿದಿಲ್ಲ.

ಮಾತು ಕಡಿಮೆಯಾದವರಿಗೆ ಕಣ್ಣು ಕಿವಿ ಚುರುಕಾಗುತ್ತವೆಯೇನೋ. ನಮ್ಮ ಬೀದಿ ಗುಡಿಸುವ ನೀಲವ್ವನನ್ನು ನಾನು ಮೊದಲು ಗುರುತಿಸಿದ್ದು ಕಿವಿಯಿಂದಲೇ. ಕಸಬರಿಗೆಯನ್ನು ಉದ್ದಕ್ಕೆ ಎಳೆದು ಕೊನೆಯಲ್ಲಿ ಸಣ್ಣದೊಂದು ಕೊಸರು ಕೊಡುತ್ತಾಳೆ. ಹಾಸಿಗೆಯಲ್ಲಿದ್ದುಕೊಂಡೇ ಇವತ್ತು ಬಂದವಳು ನೀಲವ್ವನೋ ಬದಲಿಯವಳೋ ಹೇಳಬಲ್ಲೆ. "ಇದ್ನ ಕಲಿಯಲೆ ಕಾನ್ವೆಂಟಿಗೆ ಹೋಗವಾ?" ಎಂದು ನಮ್ಮನೆಯವರು ನಗುತ್ತಾರೆ. ನೀಲವ್ವ ಬನವಾಸಿಯ ಆಚೆಯಿಂದ ಬಂದವಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್ಲು. ಟವೆಲ್ಲಿನ ಸಂದಿಯಿಂದ ಮಾತ್ರ ಅಬ್ಬಲಿಗೆಯ ಒಂದು ತುಂಡು ಮಾಲೆ ಇಣುಕಲೇಬೇಕು.

ಹೋದ ವರ್ಷ ಕೆಲವು ದಿನ ಆ ಕೊಸರಿನ ಸದ್ದು ಬರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ. ಆಮೇಲೊಂದು ಮಧ್ಯಾಹ್ನ ಅವಳೇ ಗೇಟಿನ ಹತ್ತಿರ ಬಂದು ನಿಂತಳು. ಅಂಗಿ ಇಲ್ಲ, ಟವೆಲ್ಲೂ ಇಲ್ಲ. ಹಬ್ಬಕ್ಕೆ ಹೊರಟವಳ ಹಾಗೆ ಹಸಿರು ಸೀರೆ.

"ಎಂತ ನೀಲವ್ವ, ಊರಿಗೆ ಹೋಗಿದ್ಯಾ?"

"ಊರಿಗೆಲ್ಲಿ ಹೋಗ್ಲಿರಿ ಅಕ್ಕಾರ. ಗುತ್ತಿಗೆದಾರ ನಾಳಿಂದ ಬರಬ್ಯಾಡ ಅಂದಾನ. ನಾವೊಂದು ಸಂಘ ಮಾಡಿದ್ವಿ, ನಾನು ಮುಂದ ನಿಂತಿದ್ದೆ. 'ಹೋಗು, ನಿನ್ನ ಸಂಘದಾಗ ಕೆಲಸ ಕೊಡ್ತಾರ' ಅಂದ."

ಹೇಳಿ ನಕ್ಕಳು. ನಗುವಾಗ ಅವಳ ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು. ಅವರು ಕೇಳಿದ್ದು ದೊಡ್ಡದೇನಲ್ಲ. ಕೈಗೆ ಸರಿಹೋಗುವ ಗವಸು, ವಾರಕ್ಕೊಂದು ರಜೆ, ಹೆಂಗಸರಿಗೆ ಬಟ್ಟೆ ಬದಲಿಸಿಕೊಳ್ಳಲು ಶೌಚಾಲಯವಿರುವ ಒಂದು ಕೋಣೆ. ಗುತ್ತಿಗೆದಾರನ ಬದಲು ನಗರಸಭೆಯ ಕಚೇರಿಯೇ ನೇರವಾಗಿ ಸಂಬಳ ಕೊಡಲಿ ಎಂಬುದೂ ಇತ್ತು. ಈಗ ಎಲ್ಲಕ್ಕಿಂತ ಮೊದಲು ಇನ್ನೊಂದು ಸೇರಿಕೊಂಡಿತು: ನೀಲವ್ವನನ್ನು ವಾಪಸು ತೆಗೆದುಕೊಳ್ಳಬೇಕು. ಅವಳ ಕೆಲಸ ಹೋಗಿಯೇಬಿಟ್ಟರೆ ಇನ್ನು ಯಾರೂ ಸಂಘದ ಹೆಸರೆತ್ತುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಗುತ್ತಿಗೆದಾರನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಷ್ಕರ ಹೂಡಿದರು.

ಕಚೇರಿ ನಮ್ಮ ಮನೆಯ ಎದುರಿಗೇ. ಅದರ ಪಕ್ಕದ ಬಯಲಿನಲ್ಲಿ ಶಾಮಿಯಾನ ಎದ್ದಿತು. ಮುಷ್ಕರ ಶುರುವಾಗಬೇಕಾದದ್ದು ಹತ್ತು ಗಂಟೆಗೆ. ಆದರೆ ಇವರಿಗೆ ಕೋಳಿ ಕೂಗುವ ಹೊತ್ತಿಗೆ ಎದ್ದೇ ಅಭ್ಯಾಸ, ನಾನು ಹಾಲು ಕಾಯಿಸುವ ಹೊತ್ತಿಗಾಗಲೇ ಬಂದು ಸೇರಿದ್ದರು. ಆ ಬಯಲಿನಲ್ಲಿ ಹಿಂದಿನ ಸಂಜೆ ಯಾರದೋ ಆರತಕ್ಷತೆ ಆಗಿತ್ತು. ಕಾಗದದ ಲೋಟ, ಬಾಳೆಲೆ, ಹೂವಿನ ಚೂರು. ಅದರ ಮೇಲೆ ಜಮಖಾನೆ ಹಾಸಿ ಕೂರುವುದು ಹೇಗೆ? "ಅಕ್ಕಾರ, ಒಂದ್ ಎರಡು ಕಸಬರಿಗಿ ಕೊಡ್ರಿ" ಎಂದು ಬಂದರು, ಕೊಟ್ಟೆ. ಕೈಗೆ ಕಸಬರಿಗೆ ಬಂದ ಮೇಲೆ ಕೈ ನಿಲ್ಲಬೇಕಲ್ಲ. ಶಾಮಿಯಾನದ ಅಡಿ ಆಯಿತು, ಬಯಲು ಆಯಿತು, ಕಚೇರಿಯ ಮೆಟ್ಟಿಲಿನ ತನಕ ಹೋದರು, ಅಲ್ಲಿಂದ ರಸ್ತೆಗೂ ಇಳಿದುಬಿಟ್ಟರು. ಊರಿನ ಆ ಮೂಲೆ ದೀಪಾವಳಿಗೂ ಅಷ್ಟು ಚೊಕ್ಕವಾಗಿರುವುದಿಲ್ಲ.

ಗುತ್ತಿಗೆದಾರನ ಮೇಸ್ತ್ರಿ ಸದ್ದಿಲ್ಲದೆ ಬಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದ. ತಿಂಡಿಯ ಹೊತ್ತಿಗೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಅದು ಬಂತು. ಕೆಳಗೆ ಒಂದು ಸಾಲು: ಮುಷ್ಕರ ವಿಫಲ, ಸ್ವಚ್ಛತಾ ಕಾರ್ಯ ಎಂದಿನಂತೆ. ಫೋಟೋದ ನಡುವೆ ಕಸಬರಿಗೆ ಹಿಡಿದು ಬಗ್ಗಿದವಳು, ಹಸಿರು ಸೀರೆಯ ನೀಲವ್ವ. ಕೆಲಸದಿಂದ ತೆಗೆದುಹಾಕಿದವಳು!

ಅಷ್ಟರಲ್ಲಿ ಸಿದ್ದಾಪುರ, ಯಲ್ಲಾಪುರದ ಪೌರಕಾರ್ಮಿಕರು ಬೆಂಬಲಕ್ಕೆಂದು ಬಸ್ಸಿಳಿದು ಬಂದರು. ಯಲ್ಲಾಪುರದಲ್ಲಿ ಕಸದ ಗಾಡಿ ಓಡಿಸುವ ಇಸ್ಮಾಯಿಲ್ ಭಾಯಿ ಫೋಟೋ ನೋಡಿ ಹಣೆ ಚಚ್ಚಿಕೊಂಡರು. "ಏನಕ್ಕಾ ಇದು? ಅಂಗಡಿ ಬಂದ್ ಮಾಡ್ತೇವೆ ಅಂತ ಹೇಳಿ ಬೋಣಿ ಮಾಡಿ ಕೊಟ್ರಲ್ಲ!"

"ಕಸದ ಮ್ಯಾಲ ಕೂರೂದು ಹ್ಯಾಂಗೋ ಯಪ್ಪಾ?" ಎಂದಳು ನೀಲವ್ವ.

"ಕೂರಬೇಕು ಮತ್ತೆ. ಇನ್ಮೇಲೆ ಯಾರಾದ್ರೂ ಕಸಕ್ಕೆ ಕೈ ಹಾಕಿದ್ರೆ ಅವರಿಗೆ ಶಿಕ್ಷೆ. ಮೈಕ್ ಹಿಡಿದು ಭಾಷಣ ಮಾಡಬೇಕು."

ಹೆಂಗಸರೆಲ್ಲ ಹಾವು ಕಂಡವರ ಹಾಗೆ ಹಿಂದೆ ಸರಿದರು. ಕಸಬರಿಗೆಗಳು ನಮ್ಮ ಜಗಲಿಗೆ ವಾಪಸಾದವು. ಆ ಶಿಕ್ಷೆ ಎಂಥದ್ದೆಂದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಭಾಷಣ ಸ್ಪರ್ಧೆಯ ದಿನ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು.

ಮಾರನೆಯ ದಿನ ಮೊದಲು ಸಿಕ್ಕಿಬಿದ್ದವಳು ಹುಲಿಗೆವ್ವ, ಅವರಲ್ಲೆಲ್ಲ ಹಿರಿಯಳು. ದಾರಿಯಲ್ಲಿ ಬಿದ್ದ ಬಾಳೆಹಣ್ಣಿನ ಸಿಪ್ಪೆ ನೋಡಿ ತಡೆಯಲಾಗದೆ ಎತ್ತಿ ಬದಿಗೆ ಎಸೆದಳು. "ಸಿಕ್ಕಳು!" ಎಂದು ಹುಯಿಲೆದ್ದಿತು. ಮೈಕಿನ ಮುಂದೆ ಅವಳನ್ನು ದಬ್ಬಿ ನಿಲ್ಲಿಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹೇಳಿದಳು:

"ನನಗ ಭಾಷಣ ಬರಂಗಿಲ್ರಿ. ನಾ ಕೆಲಸಕ್ಕ ಬಂದ್ರ ಮಧ್ಯಾಹ್ನದ ತನಕ ನೀರು ಕುಡಿಯಂಗಿಲ್ಲ. ಕುಡದ್ರ ಎಲ್ಲಿ ಹೋಗ್ಲಿರಿ? ನೀರು ಬೇಕಾ ಅಂತ ಮನಿಯವರು ಕೇಳ್ತಾರ, ಒಳ್ಳೇ ಮಂದಿ. ನಾನs ಒಲ್ಲೆ ಅಂತೀನಿ. ಅಷ್ಟs."

ಇಳಿದು ಹೋಗಿ ಜಮಖಾನೆಯ ಮೇಲೆ ಕೂತುಬಿಟ್ಟಳು. ಎದುರಿನ ಚಹಾದಂಗಡಿಯಲ್ಲಿ ನಿಂತವರ ಲೋಟ ಬಾಯಿಯ ಹತ್ತಿರವೇ ನಿಂತಿತ್ತು. ಕಚೇರಿಯ ಮಾಳಿಗೆಯ ಕಿಟಕಿಯೊಂದು ತೆರೆಯಿತು. ನಮ್ಮ ಗೇಟಿನಲ್ಲಿ ನನ್ನ ಪಕ್ಕ ನಿಂತಿದ್ದ ಅತ್ತೆ ಮೆಲ್ಲಗೆ, "ಯಮ್ಮನೆ ಬಚ್ಚಲಿಗೆ ಬಪ್ಪಲೆ ಹೇಳೇ" ಎಂದರು. ಮಡಿ, ಮೈಲಿಗೆ ಎಂದು ಹಿತ್ತಿಲ ಬಾವಿಯ ಹಗ್ಗವನ್ನೂ ಬೇರೆ ಇಟ್ಟಿರುವ ನಮ್ಮತ್ತೆ. ನಾನು ರಸ್ತೆ ದಾಟಿ ಹೋಗಿ ನೀಲವ್ವನಿಗೆ ಹೇಳಿದೆ. ಅವಳು ಅಲ್ಲಿಂದಲೇ ಅತ್ತೆಗೆ ಕೈ ಮುಗಿದಳು.

"ಅಮ್ಮಾರು ಅಂದದ್ದs ಸಾಕ್ರಿ. ಆದ್ರ ಇವತ್ತು ನಿಮ್ಮ ಬಚ್ಚಲಕ್ಕ ಬಂದ್ರ ನಾಳೆ ಅವರು 'ಹೆಂಗೋ ನಡೀತೈತಲ್ಲ' ಅಂತಾರ. ನಮಗ ನಮ್ಮದs ಬೇಕು. ಚಾ ಬೇಕಾರ ಕೊಡ್ರಿ, ಬ್ಯಾಡ ಅನ್ನಂಗಿಲ್ಲ."

ಚಹಾ ಕಾಯಿಸಿದೆ. ತಂದು ಕೊಡುವಷ್ಟರಲ್ಲಿ ಶಾಮಿಯಾನದಲ್ಲಿ ಬೇರೆಯೇ ನಾಟಕ. ಒಬ್ಬಳು ಕಾಗದದ ಲೋಟ ಎತ್ತಿದಳು, ಮೈಕಿನ ಹತ್ತಿರ ಹೋಗಿ ಹರಿದ ಗವಸಿನಲ್ಲಿ ಬ್ಲೇಡು ಹೊಕ್ಕ ಕಥೆ ಹೇಳಿದಳು. ಅವಳು ಇಳಿಯುವ ಮೊದಲೇ ಇನ್ನೊಬ್ಬಳು ಒಣಗಿದ ಎಲೆ ಹಿಡಿದುಕೊಂಡು ನಿಂತಿದ್ದಳು. ಸಂಜೆಯ ಹೊತ್ತಿಗೆ ಎತ್ತಲು ಕಸವೇ ಉಳಿಯಲಿಲ್ಲ. ಸಿದ್ದಾಪುರದವಳೊಬ್ಬಳು ತನ್ನ ಬಸ್ ಟಿಕೆಟನ್ನು ತಾನೇ ನೆಲಕ್ಕೆ ಹಾಕಿ, ತಾನೇ ಎತ್ತಿಕೊಂಡು, "ಶಿಕ್ಷೆ ಕೊಡಿ ಭಾಯಿ" ಎಂದಳು. ಇಸ್ಮಾಯಿಲ್ ಭಾಯಿ ಮೈಕು ಕೊಟ್ಟು, "ಇವರನ್ನ ಹಿಡಿಯೋರು ಯಾರು ಇನ್ನು!" ಎಂದು ಕೈ ಚೆಲ್ಲಿ ಕೂತರು. ಅವತ್ತಿನ ವೀಡಿಯೋಗಳು ಮೇಸ್ತ್ರಿಯ ಫೋಟೋಗಿಂತ ಬೇಗ ಊರು ಸುತ್ತಿದವು. ಬೀದಿಯ ಗುಂಪಿನಲ್ಲಿ ಕಸದ ಬಗ್ಗೆ ಗೊಣಗುತ್ತಿದ್ದವರೇ, ಒಂದು ಕೋಣೆ ಕೊಡಲು ಏನು ಕಷ್ಟ ಎಂದು ಕೇಳತೊಡಗಿದರು.

ಅದೇ ವಾರ ಮಾತುಕತೆಗೆ ಕರೆ ಬಂತು. ನೀಲವ್ವ ಕೆಲಸಕ್ಕೆ ಮರಳಿದಳು. ಕೋಣೆಯೂ ಆಯಿತು, ನಲ್ಲಿ ಸ್ವಲ್ಪ ಸೋರುತ್ತದೆ, ಬಾಗಿಲಿಗೆ ಚಿಲಕವಿದೆ. ಗವಸು ಬಂದಿದೆ, ವಾರದ ರಜೆ ಬಂದಿದೆ. ನೇರ ಸಂಬಳದ ಮಾತು ಇನ್ನೂ ಬಾಕಿ. "ಅದೆಲ್ಲಿ ಹೋಗ್ತೈತ್ರಿ, ತಗೊಳ್ಳೂಣು" ಎನ್ನುತ್ತಾಳೆ ನೀಲವ್ವ, ಬುಟ್ಟಿಯಲ್ಲಿಟ್ಟ ತರಕಾರಿಯ ಬಗ್ಗೆ ಹೇಳುವ ಹಾಗೆ.

ಇಷ್ಟೆಲ್ಲ ಬ್ಲೀಚಿಂಗ್ ವಾಸನೆಯ ಜೊತೆ ನೆನಪಾಗಲು ಕಾರಣವಿದೆ. ಈ ಸಲ ಯಲ್ಲಾಪುರದಲ್ಲಿ ಇಸ್ಮಾಯಿಲ್ ಭಾಯಿಯನ್ನು ಅಲ್ಲಿಯ ಗುತ್ತಿಗೆದಾರ ಗಾಡಿಯಿಂದ ಇಳಿಸಿದ್ದಾನೆ. ಅವರೂ ಸಂಘ ಕಟ್ಟಿದ್ದೇ ಕಾರಣ. ಇವತ್ತು ನಮ್ಮ ಊರಿನವರ ವಾರದ ರಜೆ. ರಜೆಯ ದಿನ ಅವರೆಲ್ಲ ಭಾಯಿಯ ಬೆಂಬಲಕ್ಕೆಂದು ಯಲ್ಲಾಪುರಕ್ಕೆ ಹೊರಟಿದ್ದರು. ನಿನ್ನೆ ನೀಲವ್ವ, "ಅಕ್ಕಾರ, ಬರ್ರಿ, ಮನ್ಯಾಗ ಕುಂತು ಏನ್ ಮಾಡ್ತೀರಿ?" ಎಂದಿದ್ದಳು. ಅತ್ತೆಯ ಮುಖ ನೋಡಿದೆ. "ಹೋಗಿ ಬಾ. ಅನ್ನ ಆನು ಮಾಡ್ತೆ" ಎಂದರು.

ಬಸ್ಸು ತುಂಬಿತ್ತು. ಹೆಂಗಸರ ಫ್ರೀ ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್, ನೀಲವ್ವನ ಗುಂಪನ್ನೂ ಇಸ್ತ್ರಿ ಮಾಡಿದ ನನ್ನ ಸೀರೆಯನ್ನೂ ನೋಡಿ, "ಮೇಡಂ, ಮುಂದೆ ಒಂದು ಸೀಟಿದೆ, ಅಲ್ಲಿ ಹೋಗಿ. ಇವರೆಲ್ಲ ಏನೋ ಗಲಾಟೆಗೆ ಹೊರಟಿದ್ದಾರೆ" ಎಂದ.

"ಗೊತ್ತು" ಎಂದೆ. "ನಾನೂ ಅದಕ್ಕೇ ಹೊರಟದ್ದು."

ಇಡೀ ಬಸ್ಸಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ್ದೆನೆಂದು ಕಾಣುತ್ತದೆ, ಡ್ರೈವರ್ ಕೂಡ ತಿರುಗಿ ನೋಡಿದ. ಹುಲಿಗೆವ್ವ ಸರಿದು ಕೂತು ನನಗೆ ಜಾಗ ಮಾಡಿದಳು.